ಮಗ್ಗದ ಬೀದಿಯ ಬಂದೂಕು

ದೊಡ್ಡಬಳ್ಳಾಪುರದ ಆ ಬೀದಿಯವರು ಸ್ವಲ್ಪ ಜೋರಾಗಿಯೇ ಮಾತಾಡುತ್ತಾರೆ. ಅದು ಜಗಳವಲ್ಲ, ಅಭ್ಯಾಸ. ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಶುರುವಾಗುವ ಪವರ್‌ಲೂಮ್ ಸದ್ದು ಊಟದ ಹೊತ್ತಿಗೆ ಒಂದಿಷ್ಟು ತಗ್ಗಿ, ಮತ್ತೆ ಸಂಜೆಯ ತನಕ ಎರಡೂ ಕಡೆಯ ಗೋಡೆಗಳಿಗೆ ಬಡಿಯುತ್ತಲೇ ಇರುತ್ತದೆ. ಹೊಸದಾಗಿ ಬಂದ ಸೊಸೆಯಂದಿರು ಮೊದಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಆಮೇಲೆ ತವರಿಗೆ ಹೋದರೆ ಅಲ್ಲಿ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಬೀದಿಯವರಿಗೆ ಸದ್ದು ಕೇಳಿಸುವುದೇ ಇಲ್ಲ, ಅದು ನಿಂತರೆ ಮಾತ್ರ ಗೊತ್ತಾಗುತ್ತದೆ. ಕರೆಂಟ್ ಹೋದ ಗಳಿಗೆಯಲ್ಲೇ ಎಲ್ಲ ಬಾಗಿಲುಗಳೂ ತೆರೆದುಕೊಳ್ಳುತ್ತವೆ. ಮಗ್ಗ ಬಿಟ್ಟವರು, ನೂಲು ಸುತ್ತುತ್ತಿದ್ದವರು, ಒಲೆಯ ಮುಂದಿದ್ದವರು ಎಲ್ಲರೂ ಬೀದಿಗೆ ಬಂದು, "ನಿಮ್ದೂ ಹೋಯ್ತಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ತನ್ನ ಮನೆಯದು ಮಾತ್ರ ಹೋಗಿದ್ದರೆ ಚಿಂತೆ. ಎಲ್ಲರದೂ ಹೋಗಿದ್ದರೆ ಸಮಾಧಾನ, ಹಾಗೇ ನಿಂತು ಸ್ವಲ್ಪ ಹರಟೆ.

ಸೀನಪ್ಪ ಹುಟ್ಟಿದ್ದು ಇದೇ ಬೀದಿಯಲ್ಲಿ. ಅಪ್ಪನದು ಕೈಮಗ್ಗ. ಗುಂಡಿಯೊಳಗೆ ಕಾಲಿಟ್ಟು ಕೂತು ನೇಯುವ ಕೆಲಸ ಈ ಹುಡುಗನಿಗೆ ಒಗ್ಗಲಿಲ್ಲ. ಎತ್ತರದ ಆಳು. ಬೆಂಗಳೂರಿನಲ್ಲಿ ಸೇನೆಗೆ ಭರ್ತಿ ನಡೆದಾಗ ಗೆಳೆಯನ ಜೊತೆ ನೋಡಿಬರಲು ಹೋದವನು ತಾನೇ ಆಯ್ಕೆಯಾಗಿ ಬಂದ. ಗೆಳೆಯ ಆಯ್ಕೆಯಾಗಲಿಲ್ಲ. ಹವಾಲ್ದಾರನಾಗಿ ನಿವೃತ್ತನಾಗುವ ತನಕ ಚಳಿಯ ಗಡಿಗಳಲ್ಲಿ ಕಾಲ ಕಳೆದ. ಅಲ್ಲಿ ಗುಂಡು ಹಾರಿಸಿದ್ದೂ ಉಂಟು. ಆದರೆ ಹಾರಿಸು ಎಂದು ಹೇಳುವ ಸಾಹೇಬನೊಬ್ಬ ಯಾವಾಗಲೂ ಪಕ್ಕದಲ್ಲಿರುತ್ತಿದ್ದ. ಅವನು ಹೇಳಿದ ಮೇಲೆ ಬೆರಳಿನ ಕೆಲಸ ಬೆರಳು ಮಾಡುತ್ತಿತ್ತು, ತಲೆ ಅದರಲ್ಲಿ ಕೈ ಹಾಕುತ್ತಿರಲಿಲ್ಲ.

ಊರಿಗೆ ಬಂದವನು ಪರವಾನಗಿ ಮಾಡಿಸಿ, ಜೋಡಿ ನಳಿಗೆಯ ಬಂದೂಕು ಕೊಂಡು, ದೇವನಹಳ್ಳಿಯ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿ ಸೇರಿದ. ಬಾಗಿಲ ಪಕ್ಕ ಒಂದು ಕುರ್ಚಿ, ತೊಡೆಯ ಮೇಲೆ ಬಂದೂಕು. ಆವತಿ ಕಡೆಯಿಂದ ಪೆನ್ಷನ್ ತೆಗೆಯಲು ಬರುತ್ತಿದ್ದ ಅಜ್ಜಿಯರಿಗೆ ಚಲನ್ ತುಂಬಿಕೊಡುವುದೇ ಅಲ್ಲಿ ಅವನ ದೊಡ್ಡ ಕೆಲಸವಾಯಿತು. ಬಂದೂಕಿನ ಹಿಡಿಯ ಮೇಲೆ ಚಲನ್ ಇಟ್ಟುಕೊಂಡೇ ಬರೆಯುತ್ತಿದ್ದ. "ಮಗಾ, ನಿನ್ ಕೋಲು ಒಸಿ ಆಕಡೆ ತಿರುಗ್ಸಪ್ಪ, ನಂಗ್ ದಿಗಿಲಾಯ್ತದೆ" ಎಂದು ಒಬ್ಬ ಅಜ್ಜಿ ಹೇಳಿದ್ದನ್ನು ಮನೆಗೆ ಬಂದು ಹೆಂಡತಿಗೆ ಹೇಳಿ ನಗುತ್ತಿದ್ದ. ಅಷ್ಟು ವರ್ಷಗಳಲ್ಲಿ ಆ ಬಂದೂಕು ಒಮ್ಮೆಯೂ ಸಿಡಿಯಲಿಲ್ಲ.

ಬ್ಯಾಂಕು ಬಿಟ್ಟ ಮೇಲೆ, ಬೇಡವೆಂದು ಓಡಿಹೋಗಿದ್ದ ಮಗ್ಗಕ್ಕೇ ವಾಪಸು ಬಂದ. ಮನೆಯ ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮ್. ಒಂದನ್ನು ಅವನು, ಇನ್ನೊಂದನ್ನು ಹೆಂಡತಿ ಚೌಡೇಶ್ವರಿ ನೋಡಿಕೊಳ್ಳುತ್ತಿದ್ದರು. ಎಳೆ ಕಡಿದರೆ ಅವಳೇ ಬೇಗ ಕಂಡುಹಿಡಿಯುತ್ತಿದ್ದಳು. "ಮಿಲಿಟರಿ ಕಣ್ಣು ಅಂತೀರ, ಮುಂದಿರೋ ನೂಲು ಕಾಣಲ್ಲ" ಎಂದು ಅವಳು ಚುಚ್ಚಿದರೆ, "ಶತ್ರು ಇಷ್ಟು ಸಣ್ಣಗಿರ್ತಿರ್ಲಿಲ್ಲ ಕಣೇ" ಎನ್ನುತ್ತಿದ್ದ. ಬಂದೂಕು ಕಬ್ಬಿಣದ ಬೀರುವಿನಲ್ಲಿ ಅವಳ ಸೀರೆಗಳ ಹಿಂದೆ ನಿಂತಿತ್ತು. ಆಗಾಗ ಹೊರತೆಗೆದು ಎಣ್ಣೆ ಹಾಕಿ ಒರೆಸಿ ಮತ್ತೆ ಒಳಗಿಡುತ್ತಿದ್ದ. ಬದುಕು ಹದವಾಗಿತ್ತು. ಅವನಿಗೆ ಇನ್ನೇನೂ ಬೇಕಿರಲಿಲ್ಲ.

ಹೀಗಿರುವಾಗ ಹಿಂದಿನ ಬೀದಿಯ ಟೀ ಅಂಗಡಿಯ ಮುಂದೆ, ಹಾಡಹಗಲೇ, ಬೈಕಿನಲ್ಲಿ ಬಂದ ಇಬ್ಬರು ಒಬ್ಬ ನೇಕಾರನನ್ನು ಮಚ್ಚಿನಿಂದ ಹೊಡೆದು ಹೋದರು. ನೋಡಿದವರು ಬಹಳ ಮಂದಿ. ಮೊಬೈಲಿನಲ್ಲಿ ಹಿಡಿದವರೂ ಇದ್ದರು. ತಡೆದವರು ಯಾರೂ ಇಲ್ಲ. ಆ ಮನುಷ್ಯ ಬದುಕಿಕೊಂಡ. ಅವನ ಬಲಗೈ ಮಾತ್ರ ಮಗ್ಗಕ್ಕೆ ವಾಪಸು ಬರಲಿಲ್ಲ.

ಮುಂದಿನ ಶುಕ್ರವಾರ ಗಣೇಶನ ಗುಡಿಯ ಕಟ್ಟೆಯ ಮೇಲೆ ಬೀದಿಯವರು ಸೇರಿದರು. ನೇಕಾರರ ಸಂಘದ ಅಧ್ಯಕ್ಷ ದೊಡ್ಡಮುನಿಯಪ್ಪ ತೂಬಗೆರೆ ಕಡೆಯ ಬೇಸಾಯ ಬಿಟ್ಟು ಬಂದು ಮಗ್ಗ ಹಾಕಿದ್ದ ಹಿರಿಯ. ಸುತ್ತಿ ಬಳಸಿ ಮಾತಾಡುವ ಮನುಷ್ಯನಲ್ಲ.

"ಸೀನಪ್ಪ, ನಮ್ ಬೀದೀಲಿ ಬಂದೂಕು ಹಿಡಿಯೋಕೆ ಬರೋನು ನೀನೊಬ್ಬನೇ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹೆಗಲಿಗ್ ಹಾಕ್ಕೊಂಡು ಓಡಾಡು. ಏನಾದ್ರೂ ಆದ್ರೆ ಮುಂದಕ್ ಬಾ. ಅಷ್ಟೇ ನಾವ್ ಕೇಳೋದು."

"ಪರವಾನಗಿ ಕೊಟ್ಟಿರೋದು ಅದಕ್ಕಲ್ಲ ಮುನಿಯಪ್ಪಣ್ಣ."

"ನನ್ ಮೊಮ್ಮಗ ಲಾ ಓದ್ತಾವ್ನೆ. ಇನ್ನೊಬ್ರ ಪ್ರಾಣ ಉಳಿಸೋಕ್ ಹೊಡುದ್ರೆ ತಪ್ಪಿಲ್ವಂತೆ."

"ಹೊಡೆದ್ ಮೇಲೆ ಕೋರ್ಟಲ್ಲಿ ಹೇಳ್ತಾರೆ, ತಪ್ಪೋ ಸರಿಯೋ ಅಂತ. ಹೊಡಿಯೋಕ್ ಮುಂಚೆ ನಂಗ್ ಹೇಳೋರ್ ಯಾರು?"

"ನಾವಿಲ್ವಾ? ಬೀದಿ ಬೀದಿನೇ ಹೇಳ್ತದೆ."

ಎಲ್ಲರೂ ನಕ್ಕರು. ಸೀನಪ್ಪನೂ ನಕ್ಕ. ಆದರೆ ಆ ಮಾತನ್ನು ತಳ್ಳಿಹಾಕಲು ಅವನಿಗೆ ಮನಸ್ಸಾಗಲಿಲ್ಲ. ಟೀ ಅಂಗಡಿಯ ಮುಂದೆ ಆ ಮನುಷ್ಯ ಬಿದ್ದಿದ್ದಾಗ ತಾನು ಊಟದ ತಟ್ಟೆಯ ಮುಂದಿದ್ದೆ ಎಂಬುದು ಅವನನ್ನು ಕೊರೆಯುತ್ತಿತ್ತು. ತಾನು ಅಲ್ಲಿದ್ದಿದ್ದರೆ ಆ ಕೈ ಉಳಿಯುತ್ತಿತ್ತೋ ಏನೋ. ಬರುವ ಶುಕ್ರವಾರ ಹೇಳುತ್ತೇನೆ ಎಂದು ಎದ್ದು ಬಂದ.

ಚೌಡೇಶ್ವರಿಗೆ ಹೇಳಿದಾಗ ಅವಳು ಮಗ್ಗದ ಮೇಲಿನ ಕಣ್ಣು ತೆಗೆಯಲಿಲ್ಲ.

"ನೀವು ಹೂಂ ಅಂತೀರ. ನಂಗೊತ್ತು."

"ಯಾಕೆ?"

"ಬ್ಯಾಂಕಿಗೆ ಹೋಗೋವಾಗ ಯೂನಿಫಾರಂಗೆ ಇಸ್ತ್ರಿ ಹಾಕ್ತಿದ್ರಲ್ಲ, ಆ ಮುಖ ಆಗೈತೆ ಈಗ."

ಅವನಿಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಹೂಂ ಎಂದಾಗಿತ್ತು. ಬೀದಿ ತನ್ನನ್ನು ಕೇಳಿದೆ ಎಂಬ ಹೆಮ್ಮೆ ಸಣ್ಣದೇನಲ್ಲ.

ಆ ಶುಕ್ರವಾರಕ್ಕೆ ಮುಂಚಿನ ಮಧ್ಯಾಹ್ನ ಬೀದಿಯ ತುದಿಯಲ್ಲಿ ಎಳನೀರು ಮಾರುವ ಗಂಗಲಕ್ಷ್ಮಮ್ಮ ಏದುಸಿರು ಬಿಡುತ್ತಾ ಒಳಗೆ ನುಗ್ಗಿದಳು. ಮಗ್ಗದ ಸದ್ದಿಗೆ ಅವಳ ಬಾಯಿ ಆಡುವುದಷ್ಟೇ ಕಂಡಿತು. ಸೀನಪ್ಪ ತನ್ನ ಮಗ್ಗ ನಿಲ್ಲಿಸಿ, ಬಗ್ಗಿ ಕಿವಿ ಕೊಟ್ಟ.

"ಬೈರೇಶ ಕಣಣ್ಣ. ನನ್ ಮಚ್ಚು ಕಿತ್ಕೊಂಡು ಶಶಿಕುಮಾರಣ್ಣನ ಶೆಡ್ಡಿಗೆ ಹೋದ. ಕಡಿತೀನಿ ಅಂತಾವ್ನೆ. ಬಂದೂಕ ತಗೋಳಣ್ಣ."

ಬೈರೇಶ ಇದೇ ಬೀದಿಯವನು. ತಾಯಿತಂದೆ ಇಲ್ಲದ ಮನೆಯಲ್ಲಿ ತಂಗಿ ಅರ್ಪಿತಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವನು. ಶಶಿಕುಮಾರ್‌ನ ಶೆಡ್ಡಿನಲ್ಲಿ ನೇಯುತ್ತಿದ್ದ. ಅರ್ಪಿತಳಿಗೆ ಸೂಲಿಬೆಲೆಯಿಂದ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ವಾಡಿಕೆಯಂತೆ ಹೇಳದೆ ಕೇಳದೆ ಬೀದಿಗೆ ಬಂದು ಅವರಿವರ ಹತ್ತಿರ ಮನೆತನ ವಿಚಾರಿಸಿಕೊಂಡು ಹೋಗಿದ್ದರು. ಆಗ ಶಶಿಕುಮಾರ್, "ಹುಡುಗಿ ಬಂಗಾರದಂಥವಳು, ಅಣ್ಣ ಮಾತ್ರ ಸಂಜೆಯಾದ್ರೆ ಕುಡೀತಾನೆ" ಎಂದಿದ್ದ. ಅಂದದ್ದು ಅಷ್ಟೇ. ಸಂಬಂಧ ಮುರಿಯಿತು. ಯಾರಿಂದ ಮುರಿಯಿತೆಂದು ಬೈರೇಶನಿಗೆ ಅಂದು ಮಧ್ಯಾಹ್ನವಷ್ಟೇ ತಿಳಿದಿತ್ತು.

ಸೀನಪ್ಪ ಬೀರು ತೆಗೆದ. ಸೀರೆಗಳು ಜಾರಿ ಕೆಳಗೆ ಬಿದ್ದವು. ಬಂದೂಕನ್ನು ನಳಿಗೆಯ ಬುಡದಲ್ಲಿ ಮಡಿಚಿ ಎರಡು ತೋಟಾ ತುಂಬಿದ. ಕೈಗೆ ಎಲ್ಲವೂ ನೆನಪಿತ್ತು. ಜಗಲಿಗೆ ಬಂದು ನಿಂತ.

ಎದುರುಗಡೆ, ಎರಡು ಮನೆ ಆಚೆ, ಶೆಡ್ಡಿನ ಬಾಗಿಲಲ್ಲಿ ಬೈರೇಶನ ಬೆನ್ನು ಕಾಣುತ್ತಿತ್ತು. ಶೆಡ್ಡಿಗಿರುವುದು ಅದೊಂದೇ ಬಾಗಿಲು. ಒಳಗೆ ಓಡುತ್ತಿರುವ ಎರಡು ಮಗ್ಗಗಳ ನಡುವಿನ ಸಂದಿಗೆ ಶಶಿಕುಮಾರ್ ಹಿಂದಕ್ಕೆ ಸರಿದು ನಿಂತಿದ್ದ. ಬೈರೇಶ ಮಚ್ಚನ್ನು ಬಾಗಿಲ ಚೌಕಟ್ಟಿಗೆ ಹೊಡೆದ. ಏನೋ ಅರಚುತ್ತಿದ್ದ, ಕೇಳಿಸುತ್ತಿರಲಿಲ್ಲ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಎಲ್ಲರೂ ತಮ್ಮ ತಮ್ಮ ಮಗ್ಗದ ಮುಂದಿದ್ದರು. ಒಬ್ಬ ಮನುಷ್ಯನ ಪ್ರಾಣ ಹೋಗುವುದರಲ್ಲಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

"ಬೈರೇಶಾ" ಎಂದು ಸೀನಪ್ಪ ಕೂಗಿದ. ಪೆರೇಡ್ ಮೈದಾನದ ಗಂಟಲು ಅದು. ಆದರೂ ಬೀದಿ ದಾಟಲಿಲ್ಲ.

"ಹೊಡೀಬ್ಯಾಡಣ್ಣ, ಸುಮ್ನೆ ತೋರ್ಸು" ಎಂದು ಹಿಂದಿನಿಂದ ಗಂಗಲಕ್ಷ್ಮಮ್ಮ ಅವನ ಕಿವಿಯಲ್ಲಿ ಹೇಳಿದಳು.

ಸುಮ್ಮನೆ ತೋರಿಸುವ ಬಂದೂಕು ಎಂಬುದೊಂದಿಲ್ಲ. ಅದು ಸೀನಪ್ಪನಿಗೆ ಗೊತ್ತಿತ್ತು. ತೋರಿಸಿದರೆ ಬೈರೇಶ ಎತ್ತಿದ ಮಚ್ಚಿನ ಸಮೇತ ತಿರುಗುತ್ತಾನೆ. ತಿರುಗಿದರೆ ಈ ಬೆರಳು ತನ್ನನ್ನು ಕೇಳುವುದಿಲ್ಲ. ಇಲ್ಲವಾದರೆ, ಹೇಗೂ ಮುಗಿಯಿತೆಂದು ಅವನು ಒಳಕ್ಕೇ ನುಗ್ಗುತ್ತಾನೆ. ನಳಿಗೆಯಿಂದ ಹೊರಟ ಚರೆಗಳು ಚೆದರಿ ಹೋಗುತ್ತವೆ, ಬೈರೇಶನ ಆಚೆಗೇ ಶಶಿಕುಮಾರ್ ಇದ್ದಾನೆ. ಪಕ್ಕದಲ್ಲಿ ಸಾಹೇಬನಿಲ್ಲ. ಬೀದಿ ಬೀದಿಯೇ ಹೇಳುತ್ತದೆ ಎಂದಿದ್ದರು, ಬೀದಿಗೆ ಸುದ್ದಿಯೇ ಇಲ್ಲ.

ಆಗ ಅವನಿಗೆ ಬೀದಿಯನ್ನು ಕರೆಯಬೇಕು ಎನಿಸಿತು.

ಒಳಗೆ ಹೋಗಿ ಬಂದೂಕು ಮಡಿಚಿ, ತೋಟಾಗಳನ್ನು ಜೇಬಿಗೆ ಹಾಕಿಕೊಂಡ. ಬಂದೂಕನ್ನು ಬೀರುವಿನಲ್ಲಿಟ್ಟು ಕೀಲಿ ತಿರುಗಿಸಿ ಚೌಡೇಶ್ವರಿಯ ಕೈಗೆ ಕೊಟ್ಟ. "ನೂರಾ ಹನ್ನೆರಡಕ್ಕೆ ಫೋನ್ ಮಾಡು. ಪೊಲೀಸು ಬರ್ಲಿ." ಅವಳು ಆಗಲೇ ಫೋನ್ ಎತ್ತಿಕೊಂಡಿದ್ದಳು.

ಬೀದಿಗೆಲ್ಲ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಅವನ ಮನೆಯ ಗೋಡೆಗೆ ಹೊಂದಿಕೊಂಡ ಖಾಲಿ ಜಾಗದಲ್ಲಿತ್ತು. ಅದನ್ನು ಮುಟ್ಟುವುದು ತಪ್ಪು, ವಿದ್ಯುತ್ ಇಲಾಖೆಯವರ ಕೆಲಸ. ಆದರೆ ಒಂದು ಫೇಸ್ ಹೋದಾಗಲೆಲ್ಲ ಲೈನ್‌ಮನ್‌ಗೆ ಕಾಯುತ್ತ ಕೂತರೆ ನೇಕಾರನ ದಿನ ಹಾಳು, ಹಾಗಾಗಿ ಫ್ಯೂಸ್ ತೆಗೆದು ಹಾಕುವುದು ಆ ಬೀದಿಯ ಗಂಡಸರಿಗೆಲ್ಲ ಬರುತ್ತಿತ್ತು. ಸೀನಪ್ಪ ರಬ್ಬರ್ ಚಪ್ಪಲಿ ಮೆಟ್ಟಿಕೊಂಡಿದ್ದ. ಕೆಳಗಿನ ಪೆಟ್ಟಿಗೆ ತೆಗೆದು ಫ್ಯೂಸ್ ಹಿಡಿಗಳನ್ನು ಒಂದೊಂದಾಗಿ ಕಿತ್ತ.

ಮಗ್ಗಗಳು ನಿಂತವು. ಎದೆಯ ಮೇಲಿದ್ದ ಚಪ್ಪಡಿಯನ್ನು ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಎಲ್ಲೋ ಒಂದು ಕಾಗೆ ಕೂಗುವುದು ಕೇಳಿಸಿತು. ಮರುಗಳಿಗೆಯೇ ಬಾಗಿಲುಗಳು ತೆರೆದವು.

"ನಿಮ್ದೂ ಹೋಯ್ತಾ?"

"ಹೂಂ ಕಣಕ್ಕ, ಅರ್ಧ ಸೀರೇಲಿ ಹೋಯ್ತು ನೋಡು."

ಹೆಂಗಸರು, ಗಂಡಸರು, ಕೈಯಲ್ಲಿ ನೂಲು ಹಿಡಿದವರು, ತೋಳಿನಲ್ಲಿ ಬೆವರು ಒರೆಸಿಕೊಳ್ಳುವವರು, ಎಲ್ಲರೂ ಹೊರಗೆ ಬಂದರು. ಯಾರಿಗೂ ವಿಷಯ ಗೊತ್ತಿಲ್ಲದ್ದರಿಂದ ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಬೈರೇಶ ತಿರುಗಿ ನೋಡಿದ. ಎತ್ತಿದ ಮಚ್ಚಿನ ಮುಂದೆ, ಅವನನ್ನು ಚಡ್ಡಿ ಹಾಕುವ ಕಾಲದಿಂದ ಕಂಡ ಇಡೀ ಬೀದಿ ಕರೆಂಟಿನ ಮಾತಾಡುತ್ತಾ ನಿಂತಿತ್ತು. ಆಮೇಲೆ ಅವರೂ ಅವನನ್ನು ನೋಡಿದರು. ಮಾತು ನಿಂತಿತು.

ಸೀನಪ್ಪ ಬೀದಿಯ ನಡುವೆ ನಡೆದು ಬಂದ. ಎರಡೂ ಅಂಗೈ ತೆರೆದು ಮುಂದಕ್ಕೆ ಹಿಡಿದಿದ್ದ.

"ಎಲ್ಲಾರೂ ಅಲ್ಲಲ್ಲೇ ನಿಂತ್ಕೊಳ್ಳಿ. ಯಾರೂ ಹತ್ರ ಹೋಗ್ಬೇಡಿ, ಯಾರೂ ಕೂಗ್ಬೇಡಿ." ಈಗ ಅವನು ಕೂಗುವ ಅಗತ್ಯವಿರಲಿಲ್ಲ. "ಬೈರ, ನಾನು ಸೀನಪ್ಪ ಕಣೋ. ಕೈ ನೋಡು, ಖಾಲಿ."

"ಬರಬ್ಯಾಡ ಮಾಮ." ಬೈರೇಶನಿಗೆ ತನ್ನ ದನಿ ಅಷ್ಟು ದೊಡ್ಡದಾಗಿ ಕೇಳಿಸಿದ್ದೇ ಆಶ್ಚರ್ಯವಾದಂತಿತ್ತು. ಅವನು ತಗ್ಗಿಸಿ ಹೇಳಿದ. "ಇವನು ಅರ್ಪಿತನ ಬಾಳು ಹಾಳ್ ಮಾಡ್ದ. ಬಾಯಿಗ್ ಬಂದಂಗೆ ಹೇಳ್ಬಿಟ್ಟ."

"ಹೇಳಿದ್ದು ತಪ್ಪು ಕಣೋ, ತಪ್ಪಾಯ್ತು" ಎಂದು ಒಳಗಿನಿಂದ ಶಶಿಕುಮಾರ್‌ನ ದನಿ ಬಂತು. ಮಗ್ಗದ ಮೂಲೆ ತಗುಲಿ ಅವನ ಮೊಣಕೈ ಹರಿದು ರಕ್ತ ಸೋರುತ್ತಿತ್ತು.

"ನೀನು ಸುಮ್ನಿರು ಶಶಿ" ಎಂದ ಸೀನಪ್ಪ. "ಬೈರ, ಈಕಡೆ ಜಾಗ ಐತೆ ನೋಡು. ಹೊರಗಡೆ ಬಾ. ಯಾರೂ ಹಿಡ್ಕೊಳಲ್ಲ."

ಅವನು ಬರಲಿಲ್ಲ, ಒಳಗೂ ಹೋಗಲಿಲ್ಲ. ಅಷ್ಟರಲ್ಲಿ ಬೀದಿಯ ಆ ತುದಿಯ ಮನೆಯಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದ ಅರ್ಪಿತ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಸೀನಪ್ಪ ಕೈ ಅಡ್ಡ ಹಿಡಿದ. ಅವಳು ಅಲ್ಲೇ ನಿಂತಳು.

"ನಿನ್ನ ಜೈಲಿಗ್ ಕಳ್ಸಿ ನಾನು ಹಸೆಮಣೆ ಮೇಲೆ ಕೂತ್ಕೊಳ್ಳಾ ಅಣ್ಣ? ಅದಾ ನೀನು ಮಾಡೋ ಮದುವೆ?"

ಬೈರೇಶ ಅವಳ ಕಡೆ ತಿರುಗಿದ.

"ಕುಡಿಯೋದು ಬಿಡು ಅಂತ ನಾನೂ ಹೇಳಿದ್ದೆ. ನನ್ನೂ ಕಡಿ ಬಾ, ಹಂಗಾರೆ."

ಅವಳು ಅತ್ತು ಹೇಳಿದ್ದಲ್ಲ, ಬೈದು ಹೇಳಿದ್ದು. ತಾಯಿ ಇದ್ದಿದ್ದರೆ ಹೇಗೆ ಬೈಯುತ್ತಿದ್ದಳೋ ಹಾಗೆ. ಮಚ್ಚು ಹಿಡಿದ ಕೈ ನಿಧಾನವಾಗಿ ಇಳಿಯಿತು. ಬೈರೇಶ ಅದನ್ನು ಹೊಸ್ತಿಲ ಪಕ್ಕದಲ್ಲಿಟ್ಟು, ಬೀದಿಗೆ ಬಂದು ಚರಂಡಿಯ ಕಲ್ಲಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡ. ಸೀನಪ್ಪ ಅವನ ಪಕ್ಕದಲ್ಲಿ ಕುಳಿತ. ಜೇಬಿನಲ್ಲಿದ್ದ ತೋಟಾಗಳು ತೊಡೆಗೆ ಒತ್ತಿದವು.

ಪೊಲೀಸರು ಬಂದು ಬೈರೇಶನನ್ನು ಕರೆದುಕೊಂಡು ಹೋದರು. ಮಚ್ಚನ್ನೂ ಸಾಕ್ಷಿಗೆಂದು ತೆಗೆದುಕೊಂಡರು. "ಎಳನೀರು ಏನ್ ಹಲ್ಲಲ್ಲಿ ಕೆತ್ಲಾ ಸಾರ್?" ಎಂದು ಗಂಗಲಕ್ಷ್ಮಮ್ಮ ಜೀಪಿನ ಹಿಂದೆ ಹೋದಳು. ಆಮೇಲೆ ಬಂದ ಲೈನ್‌ಮನ್ ಪೆಟ್ಟಿಗೆ ನೋಡಿ, "ಯಾರ್ರೀ ಫ್ಯೂಸ್ ಕಿತ್ತಿದ್ದು?" ಎಂದ. "ಅಳಿಲು" ಎಂದ ದೊಡ್ಡಮುನಿಯಪ್ಪ. "ಕಿತ್ತು ಸಾಲಾಗಿ ಜೋಡ್ಸಿಟ್ಟೈತಾ ಅಳಿಲು?" "ಮಿಲಿಟರಿ ಅಳಿಲು ಇರ್ಬೇಕು ಕಣಪ್ಪ." ಬೀದಿಯಲ್ಲಿ ಅಂದು ಮೊದಲ ಸಲ ನಗೆ ಕೇಳಿಸಿತು.

ಮಾರನೆಯ ದಿನ ಕಟ್ಟೆಯ ಮೇಲೆ ಸೇರಿದಾಗ ಎಲ್ಲರೂ ಅವನನ್ನು ಹೊಗಳಿದರೆಂದು ತಿಳಿಯಬೇಡಿ. ಬಂದೂಕು ಕೈಲಿದ್ದೂ ಒಳಗಿಟ್ಟು ಬಂದನಂತೆ ಎಂಬ ಮಾತು ಆಗಲೇ ಓಡಾಡುತ್ತಿತ್ತು. ದೊಡ್ಡಮುನಿಯಪ್ಪ ಅದನ್ನು ಬಿಚ್ಚಿಯೇ ಹೇಳಿದ.

"ನೋಡು ಸೀನಪ್ಪ, ಅವನು ನಮ್ ಬೈರೇಶ ಆಗಿದ್ದಕ್ಕೆ ಸರಿಹೋಯ್ತು. ಬೈಕಲ್ಲಿ ಬಂದ ಹೊರಗಿನೋರು ಆಗಿದ್ರೆ? ಕರೆಂಟ್ ತೆಗೆದ್ರೆ ಅವರು ಮಚ್ಚು ಕೆಳಗಿಡ್ತಿದ್ರಾ?"

ಸೀನಪ್ಪ ಯೋಚಿಸಿ ಹೇಳಿದ. "ಇಡ್ತಿರ್ಲಿಲ್ಲ. ಆಗ ನಾನ್ ಏನ್ ಮಾಡ್ತಿದ್ನೋ ಗೊತ್ತಿಲ್ಲ ಅಣ್ಣ. ಹೊಡೀತಿದ್ನೇನೋ. ಹೊಡೀಲೇಬಾರ್ದು ಅಂತ ನಾನು ಹೇಳಲ್ಲ, ಅಷ್ಟು ದೊಡ್ಡೋನಲ್ಲ ನಾನು."

"ಮತ್ತೆ?"

"ದಿನಾ ಬಂದೂಕು ಹೆಗಲಿಗ್ ಹಾಕ್ಕೊಂಡು ಈ ಬೀದೀಲಿ ಓಡಾಡಿದ್ರೆ, ಎದುರಿಗ್ ಬಂದೋರೆಲ್ಲ ನಂಗೆ ಹೊರಗಿನೋರ ಥರಾನೇ ಕಾಣ್ತಾರೆ. ನಿನ್ನೆ ಜಗಲಿ ಮೇಲೆ ನಿಂತಾಗ ಬೈರೇಶ ನಂಗೆ ಬೈರೇಶ ಅಂತ ಕಾಣ್ಲಿಲ್ಲ. ಬೆನ್ನು ಕಾಣ್ತು, ಮಚ್ಚು ಕಾಣ್ತು. ಗುರಿ ಕಾಣ್ತು. ಅಷ್ಟೇ. ಬಂದೂಕು ಒಳಗಿಟ್ಟು ಬಂದ್ಮೇಲೇ ಅವನ ಮುಖ ಕಂಡಿದ್ದು. ಅದಕ್ಕೇ ಆಗಲ್ಲ ಅಂತೀನಿ. ಕಾವಲು ಬೇಕಾದ್ರೆ ಬರಿಗೈಲಿ ನಿಂತ್ಕೋತೀನಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ. ನೀವೂ ಬನ್ನಿ."

ದೊಡ್ಡಮುನಿಯಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಆ ಮಾತನ್ನು ಅವನು ಇವತ್ತಿಗೂ ಒಪ್ಪಿಲ್ಲ. ಆದರೆ ಸಂಜೆ ಬೀದಿ ಸುತ್ತುವಾಗ ಸೀನಪ್ಪನ ಜೊತೆ ಹೆಜ್ಜೆ ಹಾಕುತ್ತಾನೆ, ವಾದವನ್ನೂ ಜೊತೆಗೇ ತರುತ್ತಾನೆ. ಇಬ್ಬರೂ ಜೋರಾಗಿ ಮಾತಾಡುವುದರಿಂದ ಕಾವಲಿಗೆ ಅದೇ ಸಾಕು ಎಂದು ಚೌಡೇಶ್ವರಿ ನಗುತ್ತಾಳೆ.

ಬೈರೇಶನಿಗೆ ಜಾಮೀನು ಸಿಕ್ಕಿತು. ಕೇಸು ಇನ್ನೂ ನಡೆಯುತ್ತಿದೆ. ಪ್ರತಿ ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಬೇಕು. ಶಶಿಕುಮಾರ್ ಅವನನ್ನು ಮತ್ತೆ ಕೆಲಸಕ್ಕೆ ಕರೆದ. ಅವನು ಹೋಗದೆ ಬೇರೆ ಶೆಡ್ಡು ಸೇರಿದ. ಎದುರಿಗೆ ಸಿಕ್ಕರೆ ಇಬ್ಬರೂ ತಲೆಯಾಡಿಸುತ್ತಾರೆ, ಅಷ್ಟೇ. ಕುಡಿಯುವುದನ್ನು ಬಿಟ್ಟಿದ್ದಾನೆ, ಒಂದೆರಡು ಸಲ ಜಾರಿದ್ದೂ ಉಂಟು. ಅರ್ಪಿತ ಸದ್ಯಕ್ಕೆ ಮದುವೆಯ ಮಾತು ಬೇಡ ಎಂದು ಹೊಲಿಗೆ ಕಲಿಯುತ್ತಿದ್ದಾಳೆ.

ಬಂದೂಕಿನ ಪರವಾನಗಿ ಇನ್ನು ಬೇಡವೆಂದು ಸೀನಪ್ಪ ಅರ್ಜಿ ಕೊಟ್ಟಿದ್ದ. ಠಾಣೆಗೆ ತಂದೊಪ್ಪಿಸಿ ಎಂದು ಕರೆ ಬಂದ ದಿನ ಅವನ ಸ್ಕೂಟರ್ ಕೆಟ್ಟಿತ್ತು. ಅಂದು ಭಾನುವಾರ. "ನಾನೂ ಅಲ್ಲಿಗೇ ಹೋಗ್ತಿರೋದು ಮಾಮ, ಹತ್ಕೊಳ್ಳಿ" ಎಂದು ಬೈರೇಶ ತನ್ನ ಗಾಡಿ ನಿಲ್ಲಿಸಿದ. ಸೀನಪ್ಪ ಚೀಲದಲ್ಲಿದ್ದ ಬಂದೂಕನ್ನು ಇಬ್ಬರ ನಡುವೆ ಉದ್ದಕ್ಕೆ ಹಿಡಿದು ಹಿಂದೆ ಕುಳಿತ. ಬೀದಿಯವರು ನಿಂತು ನೋಡಿದರು.

ಹಳೇ ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಬೈರೇಶ ಕೇಳಿದ.

"ಮಾಮ, ಆವತ್ತು ಇದನ್ನ ಆಚೆ ತಂದಿದ್ರಂತೆ?"

"ತಂದಿದ್ದೆ."

"ತುಂಬಿತ್ತಾ?"

"ತುಂಬಿತ್ತು."

ಬೈರೇಶ ಎದುರಿಗೆ ಬಂದ ಆಟೋಗೆ ದಾರಿ ಬಿಟ್ಟ.

"ಹೊಡೀತಿದ್ರಾ?"

"ಗೊತ್ತಿಲ್ಲ ಕಣೋ. ಅದಕ್ಕೇ ಒಳಗಿಟ್ಟೆ. ನಿಧಾನಕ್ ಹೋಗು, ಮುಂದೆ ಹಂಪ್ ಐತೆ."

ಬೈರೇಶ ನಿಧಾನಿಸಿದ. ಹಂಪ್ ದಾಟುವಾಗ ಹಿಂದಿನವನಿಗೆ ಸೊಂಟ ಉಳುಕದಂತೆ ನಾಜೂಕಾಗಿ ಇಳಿಸಿದ.

ಠಾಣೆಯಲ್ಲಿ ಬಂದೂಕನ್ನು ತಿರುಗಿಸಿ ತಿರುಗಿಸಿ ನೋಡಿದ ಪೊಲೀಸಿನವನು, "ಚೆನ್ನಾಗಿಟ್ಟಿದೀರ ಹವಾಲ್ದಾರ್ರೇ. ಇಂಥದ್ದನ್ನ ಯಾಕ್ ಬಿಡ್ತೀರಾ?" ಎಂದ.

"ಮನೇಲಿ ಎರಡು ಮಗ್ಗ ಇದಾವೆ ಸಾರ್. ಎಣ್ಣೆ ಹಾಕೋಕೆ ಅಷ್ಟು ಸಾಕು."

ಪಕ್ಕದ ಮೇಜಿನಲ್ಲಿ ಬೈರೇಶ ಸಹಿ ಹಾಕಿ ಮುಗಿಸಿದ್ದ. ಸೀನಪ್ಪ ಹೊರಗೆ ಬರುವಷ್ಟರಲ್ಲಿ ಅವನು ಗಾಡಿ ತಿರುಗಿಸಿಕೊಂಡು, ಬಿಸಿಲಿಗೆ ಕಾದ ಹಿಂದಿನ ಸೀಟನ್ನು ಕರ್ಚೀಫಿನಿಂದ ಒರೆಸುತ್ತಾ ನಿಂತಿದ್ದ.